ಕೇಳಬಾರದ ಬುತ್ತಿ

ರಸಂ ಬಡಿಸುತ್ತಿದ್ದ ಚೆಲ್ಲಮ್ಮಾಳ್ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೇಳಿದಳು: "ಈ ಸಲ ದ್ರಾಕ್ಷಿ ಇಳಿಸಿ ಆದ್ಮೇಲೆ ನಾನು ಪಾಂಡಿಚ್ಚೇರಿಗೆ ಹೋಯ್ತೀನಿ. ನಾಕು ದಿನ."

ಗಂಡ ಈಶ್ವರನ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾರ ಮನೆ ಮದ್ವೆ?"

"ಯಾರ ಮನೇದೂ ಇಲ್ಲ."

"ಯಾರಾದ್ರೂ ಹೋಗ್ಬುಟ್ರಾ?"

"ಥೂ, ಬುಡ್ತು ಅನ್ನಿ."

"ಕಣ್ಣು ತೋರ್ಸಾಕಾ ಅವ್ವಾ?" ಅಂದ ಮಗ ಗಣೇಶನ್. "ಅದಕ್ಕೆ ಮದುರೆ ಸಾಕಲ್ಲ."

"ಕಣ್ಣು ಚೆನ್ನಾಗೈತೆ. ಸಮುದ್ರ ನೋಡಾಕೆ ಹೋಯ್ತೀನಿ. ಒಬ್ಳೇ. ಚುಮ್ಮಾ."

ಚುಮ್ಮಾ ಎಂಬ ತಮಿಳು ಮಾತು ಆ ಮನೆಯಲ್ಲಿ ದಿನವಿಡೀ ಕೇಳುತ್ತಲೇ ಇರುತ್ತದೆ. ಚುಮ್ಮಾ ಕೂತಿದ್ದೆ, ಚುಮ್ಮಾ ಕೇಳಿದೆ, ಚುಮ್ಮಾ ಬಂದೆ. ಸುಮ್ಮನೆ ಎಂದಷ್ಟೇ ಅರ್ಥ. ತಮಿಳುನಾಡಿನ ಕಂಬಂ ಪೇಟೆಯಿಂದ ಸ್ವಲ್ಪ ಆಚೆಗಿರುವ ಆ ಬೀದಿಯ ಒಕ್ಕಲುಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಎರಡೂ ಬೆರೆತು ಶತಮಾನಗಳೇ ಕಳೆದಿವೆ. ಆದರೆ ಅರವತ್ತು ದಾಟಿದ ಹೆಂಗಸು ಚೀಲ ಹಿಡಿದು ಬಸ್ಸು ಹತ್ತುವುದಕ್ಕೆ ಆ ಮಾತನ್ನು ಬಳಸಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೆಂಗಸು ಊರು ಬಿಟ್ಟು ಹೋಗಬೇಕಾದರೆ ಮದುವೆ ಇರಬೇಕು, ಸಾವು ಇರಬೇಕು, ಆಸ್ಪತ್ರೆಯೋ ದೇವಸ್ಥಾನವೋ ಇರಬೇಕು. ಇವು ಯಾವುವೂ ಇಲ್ಲದಿದ್ದರೆ ಮನೆಯವರ ಮೇಲೆ ಕೋಪ ಇರಬೇಕು.

"ಸಮುದ್ರ ರಾಮೇಶ್ವರದಾಗೆ ನೋಡಿದ್ದೀಯಲ್ಲವ್ವಾ," ಅಂದ ಗಣೇಶನ್. "ಅಜ್ಜಿ ಅಸ್ಥಿ ಬುಡಾಕೆ ಹೋದಾಗ."

"ನೋಡ್ಲಿಲ್ಲ. ಚಪ್ಪಲಿ ನೋಡ್ದೆ."

ಅದು ನಿಜವೇ. ಅಂದು ಮನೆಮಂದಿಯೆಲ್ಲ ನೀರಿಗಿಳಿದಾಗ ಚೀಲಗಳಿಗೆ ಕಾವಲು ಯಾರಾದರೂ ಬೇಕಾಗಿತ್ತು. ಗೋಡೆಗೆ ಒರಗಿಸಿಟ್ಟ ಚೀಲಗಳ ಕಡೆ ಮುಖ ಮಾಡಿ, ಸಮುದ್ರಕ್ಕೆ ಬೆನ್ನು ಹಾಕಿ, ರಾಶಿ ಚಪ್ಪಲಿಯ ನಡುವೆ ಕೂತಿದ್ದವಳು ಚೆಲ್ಲಮ್ಮಾಳ್. ಒಬ್ಬೊಬ್ಬರೇ ನೆನೆದು ಬಂದು ಟವಲು ಕೇಳಿದರು, ಕೊಟ್ಟಳು. ಎಲ್ಲರದ್ದೂ ಮುಗಿಯುವ ಹೊತ್ತಿಗೆ ಪುರೋಹಿತರು ಅವಸರ ಮಾಡಿದರು. ಅವಳ ತಲೆಯ ಮೇಲೆ ಗಣೇಶನ್ ಚೊಂಬಿನಲ್ಲಿ ತಂದ ಉಪ್ಪುನೀರು ಚಿಮುಕಿಸಿದ. ಅಷ್ಟೇ ಅವಳ ಸಮುದ್ರ.

"ಹಂಗಾರೆ ನಾನೂ ಬತ್ತೀನಿ," ಅಂದ ಈಶ್ವರನ್, ದೊಡ್ಡ ಉಪಕಾರ ಮಾಡುವವನಂತೆ.

"ನೀವು ಬಂದ್ರೆ ಅದು ಪಾಂಡಿಚ್ಚೇರಿ ಅಲ್ಲ, ಇದೇ ಮನೆ. ಬಿಸಿನೀರು ಎಲ್ಲಿ, ಮಾತ್ರೆ ಎಲ್ಲಿ, ಟವಲು ಎಲ್ಲಿ. ಅದನ್ನ ಇಲ್ಲೇ ಮಾಡ್ತಾ ಇದ್ದೀನಲ್ಲ."

"ಒಬ್ಳೇ ಹೋಗಾಕೆ ಅಲ್ಲಿ ಯಾರಿದ್ದಾರೆ?"

"ನೀವು ಬೋಡಿಮೆಟ್ಟಿಗೆ ಎರಡು ದಿನ ಅಂತ ಹೋಗಿ ವಾರ ಕಳ್ದು ಬತ್ತೀರಲ್ಲ, ಯಾಕೆ ಅಂತ ಕೇಳಿದ್ದೀನಾ?"

"ಅಲ್ಲಿ ನಮ್ಮ ಗೆಳೆಯ ಕಾಮರಾಜಂದು ಏಲಕ್ಕಿ ತೋಟ ಐತೆ."

"ಪಾಂಡಿಚ್ಚೇರಿಯಾಗೆ ಸಮುದ್ರ ಐತೆ."

ಮೊಮ್ಮಗಳು ಜನನಿ ಬಾಯಲ್ಲಿದ್ದ ಅನ್ನದ ಸಮೇತ ನಕ್ಕಳು. ಸೊಸೆ ಜೆಯಂತಿ ಮಾತ್ರ ನಗಲಿಲ್ಲ. ಅವಳು ಎದ್ದು ತನ್ನ ತಟ್ಟೆಯನ್ನು ತೊಟ್ಟಿಗೆ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಮರುದಿನದಿಂದ ಚೆಲ್ಲಮ್ಮಾಳ್ ತಯಾರಿಗೆ ಇಳಿದಳು. ತೋಟದ ಕೆಲಸಕ್ಕೆ ಹೇಗೋ ಹಾಗೆಯೇ ಇದಕ್ಕೂ. ಹಣ್ಣು ಇಳಿಸುವಾಗ ಆಳುಗಳಿಗೆ ಮಧ್ಯಾಹ್ನದ ಅಡುಗೆ ಅವಳದೇ, ಆಗ ಹೊರಡಲಾಗದು. ಮುಂದೆ ಬಳ್ಳಿ ಸವರುವ ಕೆಲಸ ಶುರುವಾದರೆ ಮತ್ತೆ ಅಡುಗೆ. ನಡುವೆ ಬಳ್ಳಿಗೆ ವಿಶ್ರಾಂತಿ ಕೊಡುವ ಕೆಲವು ವಾರಗಳಿವೆ. "ಬಳ್ಳಿ ಮಲಗಿದಾಗ ನಾನು ಏಳ್ತೀನಿ," ಅಂದಳು. ಹಿತ್ತಲಿನಲ್ಲಿ ಸಾಕಿದ ಎರಡು ಮೇಕೆ ಮಾರಿದ ದುಡ್ಡು ಅವಳ ಹತ್ತಿರವೇ ಇತ್ತು. ಹಾಗಾಗಿ ಆ ವಿಷಯದಲ್ಲಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ತೇನಿಯಲ್ಲಿ ಕಾಲೇಜು ಓದುತ್ತಿದ್ದ ಜನನಿ ಸಂಜೆ ಬಂದು ಅಪ್ಪತ್ತಾಳ ಪಕ್ಕ ಕೂತು ಮೊಬೈಲು ತಿರುವುತ್ತಿದ್ದಳು. ಅಪ್ಪನ ಅಮ್ಮನನ್ನು ಅವಳು ಕರೆಯುವುದು ಹಾಗೆ, ತಮಿಳಿನಲ್ಲಿ. ಮನೆಮಾತು ಅವಳಿಗೆ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧಕ್ಕೇ ತಮಿಳಾಗುತ್ತದೆ.

"ಅಪ್ಪತ್ತಾ, ಈ ಲಾಡ್ಜ್‌ನವ್ರು ಒಂಟಿ ಹೆಂಗಸ್ರಿಗೆ ರೂಂ ಕೊಡಲ್ವಂತೆ."

"ಬುಡು. ಮುಂದಿನವ್ರಿಗೆ ಮಾಡು."

ಮುಂದಿನವರು ಫೋನ್ ಎತ್ತಿ ಎಷ್ಟು ಜನ ಎಂದು ಕೇಳಿದರು. ಆಮೇಲೆ ತಡವರಿಸಿ, ತುಣೆಗೆ ಯಾರೂ ಇಲ್ಲವಾ, ಜೊತೆಗೆ ಗಂಡಸರು ಯಾರೂ ಬರುವುದಿಲ್ಲವಾ ಎಂದು ಕೇಳಿದರು. ಚೆಲ್ಲಮ್ಮಾಳ್ ಮೊಬೈಲನ್ನು ಕಿತ್ತುಕೊಂಡು ತಮಿಳಿನಲ್ಲಿ, ಗಂಡಸರು ಮನೆಯಲ್ಲಿ ಚೆನ್ನಾಗಿದ್ದಾರೆ, ಅವರನ್ನು ವಿಚಾರಿಸಿದ್ದಕ್ಕೆ ಸಂತೋಷ ಎಂದು ಹೇಳಿ ಕಟ್ ಮಾಡಿದಳು.

ಮೂರನೆಯದು ಒಬ್ಬ ಹೆಂಗಸು ನಡೆಸುವ ಸಣ್ಣ ಅತಿಥಿಗೃಹ. ಏನು ಕೆಲಸದ ಮೇಲೆ ಬರುತ್ತಿದ್ದೀರಿ ಎಂದು ಆಕೆ ಕೇಳಿದಳು.

"ಕೆಲಸ ಮಾಡದೆ ಇರೋದಕ್ಕೆ," ಅಂದಳು ಚೆಲ್ಲಮ್ಮಾಳ್.

ಆ ಕಡೆಯಿಂದ ಜೋರು ನಗು ಕೇಳಿಸಿತು. ರೂಂ ಸಿಕ್ಕಿತು. ಬೆಳಗಿನ ಟಿಫನ್ ಬಾಡಿಗೆಯಲ್ಲೇ ಸೇರಿದೆ ಎಂದೂ ಆಕೆ ತಿಳಿಸಿದಳು. ಇನ್ನೊಬ್ಬರು ಮಾಡಿ ಬಡಿಸುವ ಇಡ್ಲಿಯನ್ನು ದಿನಾ ಎದ್ದ ಕೂಡಲೇ ತಿನ್ನಬಹುದು ಎಂಬ ಮಾತು ಚೆಲ್ಲಮ್ಮಾಳಿನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಮುಂದಿನ ಗಲಾಟೆಗೆಲ್ಲ ಮೂಲ ಈ ಇಡ್ಲಿಯೇ.

ತಯಾರಿಯ ಎರಡನೇ ಭಾಗ ಗಂಡಸರದು.

"ಡಿಕಾಕ್ಷನ್ ಇಳಿಯೋ ತನಕ ಮುಟ್ಟಬಾರ್ದು," ಅಂದಳು ಈಶ್ವರನ್‌ಗೆ. "ನೀವು ಫಿಲ್ಟರ್ ತಟ್ಟಿದ್ರೆ ಅದೇನು ಬೇಗ ಇಳಿಯುತ್ತಾ?"

"ಈ ವಯಸ್ಸಲ್ಲಿ ನಂಗೆ ಇದೆಲ್ಲಾ ಬೇಕಾ?"

"ಕಾಫಿ ಬೇಕು ತಾನೆ?"

ಮೊದಲ ದಿನ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಯಿತು. ಎರಡನೇ ದಿನ ಸಕ್ಕರೆಗೆ ಬದಲು ರವೆ ಬಿತ್ತು. ವಾರದ ಕೊನೆಗೆ ಈಶ್ವರನ್ ಒಂದು ಲೋಟ ಕಾಫಿ ತಂದು ಹೆಂಡತಿಯ ಮುಂದಿಟ್ಟು, ಅವಳು ಕುಡಿಯುವವರೆಗೂ ಕದಲದೆ ನಿಂತಿದ್ದ. ಚೆನ್ನಾಗಿಯೇ ಇತ್ತು. "ಪರವಾಯಿಲ್ಲ," ಅಂದಳು. ಅವನು ಅದನ್ನೇ ಬೀದಿಯ ಕೊನೆಯವರೆಗೂ ಹೇಳಿಕೊಂಡು ಬಂದ. ಗಣೇಶನ್‌ಗೆ ಅನ್ನ, ಬೇಳೆಸಾರು, ಮೊಟ್ಟೆ ಕಲಿಸಿದಳು. ಅವನು ಅವ್ವ ಹೇಳಿದಷ್ಟನ್ನು ಮಾಡಿದ, ಪಾತ್ರೆಗಳನ್ನು ಮಾತ್ರ ನೆನೆಯಲು ಬಿಟ್ಟು ಎದ್ದುಹೋದ.

ಅವುಗಳನ್ನು ತೊಳೆಯುತ್ತಾ ಜೆಯಂತಿ ಕೊನೆಗೂ ಬಾಯಿ ಬಿಟ್ಟಳು. ಉತ್ತಮಪಾಳೆಯದ ಒಂದು ಶಾಲೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಎಂಟಕ್ಕೆಲ್ಲ ಷೇರ್ ಆಟೋ ಹಿಡಿಯಬೇಕು.

"ಇವ್ರು ಒಂದು ದಿನ ಮಾಡ್ತಾರೆ, ಎರಡು ದಿನ ಮಾಡ್ತಾರೆ. ಮೂರನೇ ದಿನ ಎಲ್ಲಾ ನನ್ನ ತಲೆ ಮ್ಯಾಲೆ ಅತ್ತೆ."

"ಹಾಕುಸ್ಕೋಬ್ಯಾಡ. ಹೋಟ್ಲಿಂದ ಪರೋಟ ತಂದು ತಿನ್ಲಿ."

"ಅದು ಬುಡಿ, ಅಡುಗೆ ನಂಗೇನೂ ಹೊಸದಲ್ಲ. ನೀವು ಆರಾಮಾಗಿ ಹೋಯ್ತೀರಿ. ಬೀದಿ ಯಾರನ್ನ ಕೇಳುತ್ತೆ? ನಿಮ್ಮನ್ನಾ? ಸೊಸೆ ಏನಂದ್ಳು, ಏನು ಕಡ್ಮೆ ಮಾಡಿದ್ಳು, ಈ ವಯಸ್ಸಲ್ಲಿ ಒಬ್ಳೇ ಚೀಲ ಹಿಡ್ಕೊಂಡು ಹೋಗಾಂಗೆ ಆಯ್ತಲ್ಲ ಅಂತ ನನ್ನ ಕೇಳುತ್ತೆ."

"ನೀನು ಏನೂ ಅಂದಿಲ್ಲ ಅಂತ ನಾನೇ ಹೇಳ್ತೀನಿ."

"ನೀವು ಹೇಳಿದ್ರೆ, ಪಾಪ, ಸೊಸೇನ ಬಿಟ್ಟುಕೊಡಲ್ಲ ಅಂತಾರೆ."

ಬೀದಿ ಎಂದರೆ ಅಂಥದೇ ಎಂದು ಚೆಲ್ಲಮ್ಮಾಳಿಗೂ ಗೊತ್ತಿತ್ತು. ಆದರೂ ಅವಳು ಹೊರಡುವ ಮಾತು ಹಿಂತೆಗೆದುಕೊಳ್ಳಲಿಲ್ಲ. ಜೆಯಂತಿ ಮತ್ತೆ ಆ ಮಾತು ಎತ್ತಲಿಲ್ಲ.

ಹಣ್ಣೆಲ್ಲ ಲಾರಿ ಹತ್ತಿದ ಮೇಲೆ ಒಂದು ಶನಿವಾರ ಚೆಲ್ಲಮ್ಮಾಳ್ ತಾಲೀಮಿಗೆ ಹೊರಟಳು. ಒಬ್ಬಳೇ ದಿಂಡುಕ್ಕಲ್‌ಗೆ ಹೋಗಿ ಸಂಜೆಗೆ ಬರುವುದು. ರೈಲು ಹತ್ತಬೇಕಾದದ್ದು ಅಲ್ಲೇ, ಹಾಗಾಗಿ ಸ್ಟೇಷನ್ನು ನೋಡಿಕೊಳ್ಳಬೇಕು. ತೇನಿಯಲ್ಲಿ ಬಸ್ಸು ಬದಲಿಸಿದಳು, ಕಿಟಕಿಯ ಸೀಟಿಗೆ ಒಬ್ಬನ ಜೊತೆ ಜಗಳವಾಡಿ ಗೆದ್ದಳು. ದಿಂಡುಕ್ಕಲ್ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಯಾವುದು, ಮೆಟ್ಟಿಲು ಎಷ್ಟು ಕಡಿದು, ಹೆಂಗಸರ ಕೋಣೆ ಎಲ್ಲಿ ಎಂದು ತಿರುಗಿ ನೋಡಿದಳು. ಆಮೇಲೆ ಬಿರಿಯಾನಿ ಹೋಟೆಲಿಗೆ ನುಗ್ಗಿದಳು. ಅವಳು ಹೋಟೆಲಿನಲ್ಲಿ ಒಬ್ಬಳೇ ಕೂತು ಉಂಡದ್ದು ಅದೇ ಮೊದಲು. ಮಾಣಿ ಮೂರು ಬಾಳೆಎಲೆ ಹಾಸಿ, ಉಳಿದವರು ಬರಲಿ ಎಂದು ನಿಂತ.

"ಯಾರೂ ಬರಲ್ಲ. ಎರಡು ಎಲೆ ಎತ್ತು," ಅಂದಳು.

ಮೂಳೆಯನ್ನು ಚೀಪಿ ಚೀಪಿ ನಿಧಾನಕ್ಕೆ ಉಂಡಳು. ಯಾರ ಎಲೆಗೆ ಏನು ಕಡಿಮೆಯಾಯಿತು ಎಂದು ನೋಡಬೇಕಾಗಿರಲಿಲ್ಲ. ಅದು ಎಷ್ಟು ಸುಖದ ಸಂಗತಿ ಎಂದು ಅವಳಿಗೇ ಆಶ್ಚರ್ಯವಾಯಿತು. ಬರುವಾಗ ಒಂದು ಸಣ್ಣ ಬೀಗ ಕೊಂಡಳು. ಬೀಗಕ್ಕೇ ಹೆಸರಾದ ದಿಂಡುಕ್ಕಲ್‌ಗೆ ಹೋಗಿ ಬೀಗ ತರದೆ ಬರುವವರು ಯಾರು?

"ಇದೇನಕ್ಕೆ?" ಅಂದ ಈಶ್ವರನ್.

"ಚೀಲಕ್ಕೆ. ಬೀಗ ಜಡ್ದು ರೂಮಲ್ಲಿ ಇಟ್ರೆ ಕಾವಲಿಗೆ ಯಾರೂ ಕೂರಬೇಕಾಗಿಲ್ಲ."

ಈಗ ಬುತ್ತಿಯ ವಿಷಯ. ಆ ಬೀದಿಯಲ್ಲಿ ಹೆಂಗಸು ಯಾವ ಊರಿಗೆ ಹೋಗಿ ರಾತ್ರಿ ತಂಗುವುದಾದರೂ ಮನೆಯವರು ಬುತ್ತಿ ಕಟ್ಟಿ ಕೊಡುತ್ತಾರೆ. ಹುಳಿಯನ್ನವನ್ನು ಬಾಳೆಎಲೆಯಲ್ಲಿ ಸುತ್ತಿ ಬಿಳಿ ಬಟ್ಟೆಯಲ್ಲಿ ಗಂಟು ಹಾಕಿದ್ದು. ಅದನ್ನು ಚೀಲದೊಳಗೆ ಇಡುವುದಿಲ್ಲ, ಬೀದಿಗೆ ಕಾಣುವಂತೆ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಬುತ್ತಿ ಇದ್ದರೆ ಅವಳು ಮನೆಯವರ ಮನಸ್ಸಿನಿಂದ ಹೊರಟಿದ್ದಾಳೆ ಎಂದರ್ಥ. ಇಲ್ಲದಿದ್ದರೆ ಮುನಿಸಿಕೊಂಡು ಹೊರಟಿದ್ದಾಳೆ. "ಅವಳು ಬುತ್ತಿ ಬ್ಯಾಡ ಅಂದ್ಳಂತೆ" ಎಂದರೆ ಆ ಮನೆ ಒಡೆಯಿತು ಎಂದೇ ಲೆಕ್ಕ. ಪಂಗಾಳಿಗಳು, ಅಂದರೆ ದಾಯಾದಿ ಮನೆಯ ಹಿರಿಯರು, ಬಂದು ವಿಚಾರಿಸುತ್ತಾರೆ. ಇನ್ನೊಂದು ಕಟ್ಟಳೆಯೂ ಉಂಟು. ಬುತ್ತಿಯನ್ನು ಕೇಳಿ ಪಡೆಯಬಾರದು, ಕಟ್ಟು ಎಂದು ಬೇರೆಯವರೂ ಹೇಳಬಾರದು. ಕೇಳಿದ ಬುತ್ತಿ ಬುತ್ತಿಯೇ ಅಲ್ಲ.

ಇದೆಲ್ಲ ಚೆಲ್ಲಮ್ಮಾಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಮನಸ್ಸಿನಲ್ಲಿ ಬುತ್ತಿ ಇದ್ದದ್ದು ತವರಿಗೆ, ಮದುವೆಗೆ, ದೇವಸ್ಥಾನಕ್ಕೆ. ಸಮುದ್ರಕ್ಕೂ ಬುತ್ತಿ ಬೇಕು ಎಂದು ಹೊಳೆಯಲೇ ಇಲ್ಲ. ಹಾಲು ಹಾಕುವ ಜಾಗದಲ್ಲಿ ಓರಗಿತ್ತಿ ರಂಗಮ್ಮಾಳ್, ಪಂಗಾಳಿಗಳಲ್ಲಿ ಹಿರಿಯರಾದ ರಂಗಸಾಮಿಯವರ ಹೆಂಡತಿ, ಕೇಳಿದಳು: "ಬುಧವಾರ ಹೊರಟೆಯಂತೆ? ಜೆಯಂತಿ ಏನು ಬುತ್ತಿ ಕಟ್ತಾಳೆ?"

"ಬುತ್ತಿ ಬ್ಯಾಡ ಅಕ್ಕಾ," ಅಂದಳು ಚೆಲ್ಲಮ್ಮಾಳ್, ಕ್ಯಾನಿನ ಮುಚ್ಚಳ ಹಾಕುತ್ತಾ. "ಅಲ್ಲೇ ಇಡ್ಲಿ ಕೊಡ್ತಾರಂತೆ."

ಇಡ್ಲಿ ಅಲ್ಲೇ ಉಳಿಯಿತು. ಮೊದಲ ಮಾತು ಮಾತ್ರ ಬೀದಿ ಹಿಡಿದು ಹೊರಟಿತು.

ಸಂಜೆ ಜೆಯಂತಿ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಬೋಡಿಯಿಂದ ಅವಳ ತಾಯಿಯ ಫೋನ್ ಬಂತು. ಆ ಕಡೆಯ ಅಳು ನಡುಮನೆಗೂ ಕೇಳಿಸುತ್ತಿತ್ತು. ವಯಸ್ಸಾದ ಅತ್ತೆಯನ್ನು ಮನೆ ಬಿಡಿಸುವಷ್ಟು ಏನು ಮಾಡಿದೆ, ನಾವು ನಿನ್ನನ್ನು ಹೀಗೆ ಬೆಳೆಸಿದೆವಾ ಎಂದು ಕೇಳುತ್ತಿದ್ದಳು ತಾಯಿ. ಜೆಯಂತಿ ಫೋನ್ ಇಟ್ಟಳು. ಅವಳ ಮುಖ ನೋಡಿ ಚೆಲ್ಲಮ್ಮಾಳಿಗೆ ತಾನು ಬೆಳಿಗ್ಗೆ ಆಡಿದ್ದು ಏನು ಎಂದು ಆಗ ನೆನಪಾಯಿತು.

ಬಾಯಿ ತೆರೆಯುವಷ್ಟರಲ್ಲಿ ರಂಗಸಾಮಿಯವರು ಇನ್ನಿಬ್ಬರು ಹಿರಿಯರೊಂದಿಗೆ ಜಗಲಿ ಹತ್ತಿದರು. ಹೆಗಲಿನ ಟವಲು ತೆಗೆದು ಕೊಡವಿ ಕೂತರು. ಈಶ್ವರನ್ ಸಂಭ್ರಮದಿಂದ ತಾನೇ ಕಾಫಿ ಮಾಡಿ ತಂದ. ಅದೊಂದು ದೊಡ್ಡ ತಪ್ಪಾಯಿತು.

"ನೋಡ್ದಾ," ಅಂದರು ರಂಗಸಾಮಿಯವರು ಪಕ್ಕದವರಿಗೆ. "ಗಂಡಸು ಒಲೆ ಮುಂದೆ ನಿಲ್ಲೋ ಮಟ್ಟಿಗೆ ಆಗೈತೆ." ಆಮೇಲೆ ಒಳಗೆ ನೋಡಿ, "ಜೆಯಂತಿ, ಬಾರಮ್ಮಾ. ಏನು ನಡೀತು? ಮರೆ ಮಾಡ್ಬ್ಯಾಡ."

"ಅವಳನ್ನ ಯಾಕೆ ಕೇಳ್ತೀರಿ ಬಾವಾ?" ಅಂತ ಚೆಲ್ಲಮ್ಮಾಳ್ ಮುಂದೆ ಬಂದಳು. "ನನ್ನ ಕೇಳಿ. ಬುತ್ತಿ ಬ್ಯಾಡ ಅಂದದ್ದು ನಾನು, ತಿಳೀದೆ ಅಂದೆ. ಅವಳು ಏನೂ ಅಂದಿಲ್ಲ. ನಂಗೆ ಇಲ್ಲಿ ಯಾವ ಕಡ್ಮೇನೂ ಇಲ್ಲ."

"ಕಡ್ಮೆ ಇಲ್ದೆ ಯಾರಮ್ಮಾ ಹೋಯ್ತಾರೆ? ಒಂದೋ ದೇವ್ರಿಗೆ ಹೋಗ್ಬೇಕು, ಇಲ್ಲಾ ಕೋಪಕ್ಕೆ ಹೋಗ್ಬೇಕು."

"ಸಮುದ್ರಕ್ಕೆ ಹೋಯ್ತೀನಿ."

"ಹಂಗಾರೆ ರಾಮೇಶ್ವರಕ್ಕೆ ಹೋಗು. ನಮ್ಮನೆ ರಂಗಮ್ಮಾಳ್ ತುಣೆಗೆ ಬತ್ತಾಳೆ. ಸಾಮಿ ದರ್ಶನ ಆಯ್ತು, ಸಮುದ್ರಾನೂ ಆಯ್ತು. ಸೊಸೆ ಮ್ಯಾಲೆ ಮಾತೂ ಬರಲ್ಲ."

ನಡುಮನೆಯಲ್ಲಿ ಗಣೇಶನ್ ತಲೆಯಾಡಿಸಿದ. ಇದಕ್ಕಿಂತ ಸುಲಭದ ದಾರಿ ಯಾವುದಿದೆ ಎಂದು ಅವನ ಮುಖವೇ ಹೇಳುತ್ತಿತ್ತು.

"ಬ್ಯಾಡ ಬಾವಾ," ಅಂದಳು ಚೆಲ್ಲಮ್ಮಾಳ್. "ರಾಮೇಶ್ವರಕ್ಕೆ ಹೋದ್ರೆ ಸಾಮಿಗೆ ಕೆಲ್ಸ ಮಾಡ್ಬೇಕು, ಅಕ್ಕ ಬಂದ್ರೆ ಅಕ್ಕನಿಗೆ ಮಾಡ್ಬೇಕು. ನಾನು ಯಾರಿಗೂ ಏನೂ ಮಾಡದ ನಾಕು ದಿನಕ್ಕೆ ಹೋಯ್ತಾ ಇದ್ದೀನಿ."

ಆಗ ಜೆಯಂತಿ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ದೊಡ್ಡಮಾವ, ನಾನು ಒಂದು ಮಾತು ಅಂದಿದ್ರೆ ಅಂದೆ ಅಂತಿದ್ದೆ. ಅಂದಿಲ್ಲ. ನೀವು ನಂಬಿದ್ರೆ ನಂಬಿ. ನಂಬದಿದ್ರೆ ಕಾಫಿ ಕುಡ್ದು ಏಳಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಗಸಾಮಿಯವರು ಕಾಫಿ ಕುಡಿದರು. ಚೆನ್ನಾಗಿದೆಯೆಂದು ಅವರಿಗೂ ಅನ್ನಿಸಿತೋ ಏನೋ, ಲೋಟ ಖಾಲಿ ಮಾಡಿಯೇ ಎದ್ದರು. "ಬುಧವಾರ ಬೀದಿ ನೋಡುತ್ತೆ," ಅಂದರು. "ಕೈಯಾಗೆ ಬುತ್ತಿ ಇದ್ರೆ ನಮ್ದೇನೂ ಇಲ್ಲ. ಕಟ್ಟು ಅಂತ ನಾವು ಹೇಳಾಂಗಿಲ್ಲ, ನೀನೂ ಕೇಳಾಂಗಿಲ್ಲ. ಗೊತ್ತಲ್ಲ."

ಎರಡು ದಿನ ಆ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಗಣೇಶನ್ ಹೆಂಡತಿಗೆ ಏನೋ ಹೇಳಲು ಹೋಗಿ ಬೈಸಿಕೊಂಡ. ಜನನಿ ಟಿಕೆಟ್ ಕ್ಯಾನ್ಸಲ್ ಮಾಡಲಾ ಎಂದು ಕೇಳಿ ಅಪ್ಪತ್ತಾಳಿಂದಲೂ ಬೈಸಿಕೊಂಡಳು. ಮಂಗಳವಾರ ಸಂಜೆ ಜೆಯಂತಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಾಗ ಚೆಲ್ಲಮ್ಮಾಳ್ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

"ಬುತ್ತಿ ಕೇಳಾಕೆ ಬಂದಿಲ್ಲ," ಅಂದಳು. "ಒಂದು ಮಾತು ಹೇಳಾಕೆ ಬಂದೆ. ಬೀದಿ ನಿಲ್ಲು ಅಂದ್ರೆ ನಾನು ನಿಲ್ಲಲ್ಲ. ನಿನ್ನ ಮಾವ ಅಂದ್ರೂ ನಿಲ್ಲಲ್ಲ. ನೀನು ನಿಲ್ಲು ಅಂದ್ರೆ ನಿಲ್ತೀನಿ. ನಿನ್ನ ಹೆಸರು ತುಳ್ಕೊಂಡು ನಂಗೆ ಯಾವ ಸಮುದ್ರಾನೂ ಬ್ಯಾಡ."

ಜೆಯಂತಿ ಸುಲಿಯುತ್ತಲೇ ಕೇಳಿದಳು: "ಕೊಡೈಕ್ಕಾನಲ್‌ಗೆ ಹೋದದ್ದು ನೆನಪೈತಾ ಅತ್ತೆ?"

"ಐತೆ. ಜನನಿ ಸಣ್ಣವಳು."

"ಕೆರೇಲಿ ಎಲ್ರೂ ದೋಣಿ ಹತ್ತಿದ್ರಿ. ಬ್ಯಾಗು ಯಾರ ಕೈಯಾಗಿತ್ತು?"

ಚೆಲ್ಲಮ್ಮಾಳ್ ಕೈಯಲ್ಲಿದ್ದ ಈರುಳ್ಳಿ ಹಾಗೇ ಉಳಿಯಿತು. "ನಿನ್ನ ಕೈಯಾಗೆ."

"ಕೊಟ್ಟೋರು ಯಾರು?"

"ನಾನೇ." ಈರುಳ್ಳಿಯನ್ನು ಕೆಳಗಿಟ್ಟು ಅಂದಳು, "ನಾನೇ ಕೊಟ್ಟೆ. ಹಿಡ್ಕೊಮ್ಮಾ ಜೆಯಂತಿ ಅಂದೆ. ನಂಗೆ ಅವತ್ತು ಅದು ತಪ್ಪು ಅಂತ್ಲೂ ಅನ್ನಿಸ್ಲಿಲ್ಲ."

"ನೀವು ರಾಮೇಶ್ವರದ ಕತೆ ಹೇಳ್ದಾಗೆಲ್ಲಾ ನಂಗೆ ಹೊಟ್ಟೆ ಉರಿಯುತ್ತೆ. ನಿಮ್ಮದು ದೊಡ್ಡ ಕತೆ ಆಯ್ತು. ನಂದು ಯಾರಿಗೂ ನೆನಪೇ ಇಲ್ಲ." ಅವಳು ಮೊರ ಎತ್ತಿಕೊಂಡು ಎದ್ದಳು. ಹೋಗು ಎನ್ನಲಿಲ್ಲ, ನಿಲ್ಲು ಎಂದೂ ಹೇಳಲಿಲ್ಲ.

ಚೆಲ್ಲಮ್ಮಾಳ್ ಚೀಲ ತುಂಬಿಸಿದಳು. ಎರಡು ನೂಲಿನ ಸೀರೆ, ಮಾತ್ರೆ, ಒಂದೇ ಒಂದು ಟವಲು. ಬೀಗ ಜಡಿದು ಬೀಗದ ಕೈಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡಳು.

ಬುಧವಾರ ಅವಳಿಗೆ ಎಚ್ಚರವಾದದ್ದು ವಾಸನೆಗೆ. ಹುಣಿಸೆ, ಇಂಗು, ಕಾಯಿಸಿದ ಎಳ್ಳೆಣ್ಣೆ. ಚೆಲ್ಲಮ್ಮಾಳ್ ಹಾಸಿಗೆಯ ಮೇಲೆ ಎದ್ದು ಕೂತು ಆ ವಾಸನೆಯನ್ನು ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಅಡುಗೆಮನೆಗೆ ಹೋಗಿ ನೋಡಲಿಲ್ಲ. ಹೋದರೆ ಕೇಳಿದ ಹಾಗಾಗುತ್ತದೆ. ಮುಖ ತೊಳೆದು ಗಂಡ ಕೊಟ್ಟ ಕಾಫಿ ಕುಡಿದು ತಯಾರಾದಳು.

ಜೆಯಂತಿ ಬಿಳಿ ಗಂಟು ಹಿಡಿದು ಹೊರಬಂದಳು. ಅತ್ತೆಯ ಕೈಗೆ ಕೊಡಲಿಲ್ಲ. ತಾನೇ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಆಫೀಸಿನ ಸೀರೆಯಲ್ಲೇ, ಮುಂದೆ ಮುಂದೆ ನಡೆದಳು. ಚೀಲ ಗಣೇಶನ್ ಹೊತ್ತ. ಈಶ್ವರನ್ ಹಿಂದಿನಿಂದ, ಮಾತ್ರೆ ಇಟ್ಕೊಂಡ್ಯಾ, ಫೋನ್ ಚಾರ್ಜ್ ಐತಾ ಎಂದು ಕೇಳುತ್ತಾ ಬಂದ. ಬೀದಿಯ ಬಾಗಿಲುಗಳಲ್ಲಿ ಆ ಹೊತ್ತಿಗೆ ಎಲ್ಲರಿಗೂ ರಂಗೋಲಿಯ ಕೆಲಸವೇ ಇತ್ತು.

ರಂಗಸಾಮಿಯವರ ಮನೆಯ ಮುಂದೆ ಜೆಯಂತಿ ಬೇಕೆಂದೇ ನಿಂತಳು.

"ದೊಡ್ಡತ್ತೆ, ನಮ್ಮತ್ತೆ ಪಾಂಡಿಚ್ಚೇರಿಗೆ ಹೋಯ್ತಾವ್ರೆ."

"ಏನು ವಿಶೇಷಾಮ್ಮಾ?" ಅಂದಳು ರಂಗಮ್ಮಾಳ್, ಗಂಟಿನಿಂದ ಕಣ್ಣು ಕೀಳದೆ.

"ಚುಮ್ಮಾ," ಅಂದಳು ಜೆಯಂತಿ.

ಒಳಗೆ ಪೇಪರು ಹಿಡಿದಿದ್ದ ರಂಗಸಾಮಿಯವರು ಅದನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡರು.

ಬಸ್ಸು ಬಂದು ನಿಂತಿತು. ಚೆಲ್ಲಮ್ಮಾಳ್ ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆಯೇ ಜೆಯಂತಿ ಬುತ್ತಿಯನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ಇನ್ನೂ ಬಿಸಿಯಾಗಿತ್ತು. ಕೊಟ್ಟ ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ಅತ್ತೆ, ಮುಂದಿನ ಸಲ ಬಳ್ಳಿಗೆ ರಜ ಬುಟ್ಟಾಗ ನೀವು ನಂಗೆ ಕಟ್ಟಬೇಕು."

"ಬುತ್ತಿ ಕೇಳಬಾರ್ದು ಕಣೇ."

"ಗೊತ್ತು," ಅಂದಳು ಜೆಯಂತಿ. "ಕೇಳ್ತಾ ಇದ್ದೀನಿ."

ಚೆಲ್ಲಮ್ಮಾಳ್ ಸೊಸೆಯ ಕೈಯನ್ನು ಕಿಟಕಿಯ ಸರಳಿನ ಮೇಲೆಯೇ ಹಿಡಿದುಕೊಂಡಳು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತರೂ ಹೀಗೆ ಹಿಡಿದ ನೆನಪಿರಲಿಲ್ಲ. "ಕಡಲೆಬೀಜ ಜಾಸ್ತಿ ಹಾಕಿ ಕಟ್ತೀನಿ," ಅಂದಳು. "ಎಲ್ಲಿಗೆ ಅಂತ ಮಾತ್ರ ಈಗಿಂದ್ಲೇ ಯೋಚ್ನೆ ಮಾಡು. ರೂಂ ಸಿಗೋದು ಸುಲಭ ಅಲ್ಲ." ಕಂಡಕ್ಟರ್ ಶಿಳ್ಳೆ ಹಾಕಿದ.

ದಿಂಡುಕ್ಕಲ್‌ನಲ್ಲಿ ರೈಲು ಹತ್ತಿ, ವಿಳುಪ್ಪುರಂನಲ್ಲಿ ಇಳಿದು, ಮತ್ತೆ ಬಸ್ಸು ಹಿಡಿದು ಅವಳು ಪಾಂಡಿಚ್ಚೇರಿ ತಲುಪುವ ಹೊತ್ತಿಗೆ ದೀಪ ಹಚ್ಚಿದ್ದರು. ತಾಲೀಮು ಮಾಡಿದ್ದರಿಂದ ಎಲ್ಲಿಯೂ ಎಡವಲಿಲ್ಲ. ಮಾರನೆಯ ಬೆಳಿಗ್ಗೆ ಅತಿಥಿಗೃಹದ ಹೆಂಗಸು ಇಡ್ಲಿ ತಂದಿಟ್ಟಳು. ಚೆಲ್ಲಮ್ಮಾಳ್ ಅದರ ಪಕ್ಕಕ್ಕೇ ಉಳಿದಿದ್ದ ಹುಳಿಯನ್ನವನ್ನು ಬಿಚ್ಚಿಕೊಂಡು ಎರಡನ್ನೂ ತಿಂದಳು. ಚೀಲವನ್ನು ರೂಮಿನಲ್ಲೇ ಬಿಟ್ಟು, ಬರಿಗೈಯಲ್ಲಿ ಸಮುದ್ರದ ಕಡೆ ನಡೆದಳು.

ಮರಳಿನ ಮೇಲೆ ಕೂತು ತುಂಬ ಹೊತ್ತು ನೋಡಿದಳು. ಅಷ್ಟು ದೊಡ್ಡದಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಯಾರೂ ಏನನ್ನೂ ಕೇಳಲಿಲ್ಲ. ಖುಷಿಗೆ ಒಂದು ಸಲ ಗಟ್ಟಿಯಾಗಿ ನಕ್ಕಳು ಕೂಡ, ಒಬ್ಬಳೇ.

ಆಗ ಒಂದು ಕುಟುಂಬ ಬಂದು ಪಕ್ಕದಲ್ಲೇ ಚೀಲಗಳನ್ನು ಇಳಿಸಿತು. ಗಂಡಸರೂ ಮಕ್ಕಳೂ ಆಗಲೇ ನೀರಿನ ಕಡೆ ಓಡಿದ್ದರು. ತೋಳ ಮೇಲೆ ಟವಲುಗಳನ್ನು ಹೇರಿಕೊಂಡಿದ್ದ ಹುಡುಗಿ, ಆ ಮನೆಯ ಸೊಸೆಯೇ ಇರಬೇಕು, ಸುತ್ತ ನೋಡಿ ಇವಳ ಹತ್ತಿರ ಬಂದಳು. ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಾ ತಮಿಳಿನಲ್ಲಿ ಕೇಳಿದಳು: "ಅಜ್ಜಿ, ಇಲ್ಲೇ ಕೂತಿರ್ತೀರಲ್ಲ? ಇದನ್ನೆಲ್ಲ ಸ್ವಲ್ಪ ನೋಡ್ಕೋತೀರಾ?"

"ಆಗಲ್ಲ ಕಣಮ್ಮಾ," ಅಂದಳು ಚೆಲ್ಲಮ್ಮಾಳ್. ಮರಳಿಗೆ ಕೈಯೂರಿ ಎದ್ದಳು. "ನಾನೂ ನೀರಿಗೆ ಹೋಗ್ತಾ ಇದ್ದೀನಿ. ಅದನ್ನೆಲ್ಲ ಇಲ್ಲೇ ಬಿಟ್ಟು ನೀನೂ ಬಾ."

ತನ್ನ ಚಪ್ಪಲಿಯನ್ನು ಆ ರಾಶಿಯ ಪಕ್ಕದಲ್ಲೇ ಕಳಚಿಟ್ಟು, ಸೆರಗು ಸಿಕ್ಕಿಸಿಕೊಂಡು, ಹಿಂದಿರುಗಿ ನೋಡದೆ ನಡೆದಳು.